ಬೆಳಗಿನ ಮಿಸ್ಸಿಂಗ್

ಅರಕಲಗೂಡಿನಲ್ಲಿ ಮೂವತ್ತೊಂದು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಹೆಸರು ಸಿದ್ದೇಶ್ವರ, ಸಿದ್ದಣ್ಣ ಅಂದರೇ ಜನಕ್ಕೆ ಗೊತ್ತಾಗುವುದು. ಗಿರಾಕಿಗಳ ಮೇಲೆ ನನಗೊಂದು ಹಳೇ ಸಿಟ್ಟಿದೆ. ಕಾರಿಗೆ ಏನಾಗಿದೆ ಅಂತ ಕೇಳಿದರೆ ಅವರು ಮಗಳ ಮದುವೆಯಿಂದ ಶುರು ಮಾಡುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ ನಾನು, 'ಮನೆ ಪುರಾಣ ಬ್ಯಾಡ, ಕಾರಿಂದು ಯೋಳು' ಅಂತ ಬಾಯಿ ಮುಚ್ಚಿಸುತ್ತೇನೆ. ಮಲ್ಲಿಪಟ್ಟಣದ ಶಾಂತರಾಜುವಿನ ಬಾಯಿಯನ್ನೂ ಹಾಗೇ ಮುಚ್ಚಿಸಿದೆ. ಕಾರಿನ ರೋಗ ಇದ್ದದ್ದು ಆ ಮನೆ ಪುರಾಣದಲ್ಲೇ. 

ಶಾಂತರಾಜು ಪಂಚಾಯಿತಿಯ ನೀರುಗಂಟಿ. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡಬೇಕು, ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕು ಅನ್ನುವುದೆಲ್ಲ ಇಪ್ಪತ್ತೆರಡು ವರ್ಷದಿಂದ ಅವನ ತಲೆಯಲ್ಲಿದೆ. ಪೈಪಿನ ಮೇಲೆ ಅಂಗೈ ಇಟ್ಟು, ನೀರು ಎಲ್ಲಿವರೆಗೆ ಬಂತು ಅಂತ ಹೇಳುತ್ತಾನೆ. ಸೈಕಲ್ಲೊಂದು ಬಿಟ್ಟರೆ ಬೇರೆ ಗಾಡಿ ಮುಟ್ಟಿದವನಲ್ಲ. ಹೆಂಡತಿ ನಾಗಲಕ್ಷ್ಮಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಹೋದ ವರ್ಷ ಆಷಾಢದಲ್ಲಿ ಅವಳ ಕಾಲು ಊದಿಕೊಂಡವು. ಒಲೆ ಮುಂದೆ ನಿಂತು ನಿಂತು ಹೀಗಾಗಿದೆ ಅಂದುಕೊಂಡರು. ಹಾಸನಕ್ಕೆ ಕರೆದುಕೊಂಡು ಹೋದಾಗ ಎರಡೂ ಕಿಡ್ನಿ ಹೋಗಿವೆ ಅಂದರು.

ಅಲ್ಲಿಂದ ವಾರಕ್ಕೆ ಎರಡು ದಿನ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ಬೆಳಿಗ್ಗೆ ಏಳಕ್ಕೆ ಹಾಸನದ ಆಸ್ಪತ್ರೆಯಲ್ಲಿ ಮೆಷಿನ್ ಪಕ್ಕದ ಮಂಚದ ಮೇಲೆ ಇರಬೇಕು. ತಡವಾದರೆ ಮಂಚ ಮುಂದಿನವರಿಗೆ. ಅವರೂ ಕಾಯುತ್ತಿರುವವರೇ, ತಪ್ಪು ಹೇಳುವಂತಿಲ್ಲ. ಮೊದಲ ಬಸ್ಸು ಹಾಸನ ಮುಟ್ಟುವುದೇ ಎಂಟೂವರೆಗೆ. ಊರಿನ ಟ್ಯಾಕ್ಸಿಯವನು ಎರಡು ಸಲ ಬಂದ, ಮೂರನೇ ಸಲ ಮದುವೆ ಬಾಡಿಗೆ ಸಿಕ್ಕಿತು ಅಂತ ಕೈಕೊಟ್ಟ. ಶಾಂತರಾಜು ನಲವತ್ತೇಳನೇ ವಯಸ್ಸಿಗೆ ಡ್ರೈವಿಂಗ್ ಕಲಿತು, ಹಳ್ಳಿಮೈಸೂರಿನ ಮೇಷ್ಟ್ರೊಬ್ಬರ ಹತ್ತಿರ ಒಂದು ಹಳೇ ಬಿಳಿ ಕಾರು ಕೊಂಡ. ಕಾರ್ಬೊರೇಟರ್ ಇರುವ, ಮೂರು ಸಿಲಿಂಡರಿನ ಪುಟ್ಟ ಗಾಡಿ. ಇಂಜಿನ್ ಚೆನ್ನಾಗಿತ್ತು, ನಾನೇ ನೋಡಿ ತಗೋ ಅಂದಿದ್ದೆ.

ಆಯುಧಪೂಜೆಯ ದಿನ ಕಾರು ತೊಳೆದುಕೊಂಡು ಅವ್ವ ಮಾಯಮ್ಮನ ಜೊತೆ ನನ್ನ ಗ್ಯಾರೇಜಿಗೆ ಬಂದ. ಶಾಂತರಾಜು ಬುದ್ಧನ ಕಡೆ ಹೋದವನು. ಕಾಯಿ, ಕರ್ಪೂರ ಯಾವುದನ್ನೂ ಮುಟ್ಟುವುದಿಲ್ಲ. ಅವ್ವನ ಪೂಜೆಗೆ ತಾನು ಅಡ್ಡ ಬರುವುದಿಲ್ಲ, ಆ ಕಡೆ ತಿರುಗಿಯೂ ನೋಡುವುದಿಲ್ಲ, ಅವಳೂ ತನಗೆ ಕೈಮುಗಿ ಅನ್ನಬಾರದು ಅಂತ ಇಬ್ಬರ ನಡುವೆ ಒಪ್ಪಂದ. ಅವನು ಆಚೆ ಬೀಡಿ ಸೇದುತ್ತ ನಿಂತ. ಮಾಯಮ್ಮ ವಿಭೂತಿ ತಟ್ಟೆ ಹಿಡಿದು ಬಾನೆಟ್ಟಿನೊಳಗೆ ಇಣುಕಿದಳು.

"ಇದ್ರಾಗೆ ಜೀವ ಎಲ್ಲೈತಪ್ಪ?" ಅಂದಳು.

ನನ್ನ ಮೈಮೇಲೆ ಹೊಸ ಶರ್ಟು, ಹಬ್ಬದ ಗತ್ತು. ನಾನು ಡೆಲ್ಕೊ ತೋರಿಸಿದೆ. ಕಿಡಿಯನ್ನು ಒಂದೊಂದು ಸಿಲಿಂಡರಿಗೂ ಸರದಿಯ ಮೇಲೆ ಹಂಚುವ ಕಪ್ಪು ಬಿರಡೆ ಅದು, ತಲೆಯ ಮೇಲೆ ದಪ್ಪ ವೈರುಗಳಿರುತ್ತವೆ. "ಕಿಡಿ ಊರಿಗೆಲ್ಲ ಓಗೋದು ಇಲ್ಲಿಂದ ಕಣವ್ವ. ನಿನ್ ಮಗ ನೀರು ಬಿಡಲ್ವಾ, ಅಂಗೆ. ಇದು ನಿಂತ್ರೆ ಎಲ್ಲ ನಿಂತಂಗೆ," ಅಂದೆ. ಮಾಯಮ್ಮ ವಿಭೂತಿ ನೆನೆಸಿ ಅದರ ನೆತ್ತಿಯ ಮೇಲೆ ಮೂರು ಗೆರೆ ಎಳೆದು ಕುಂಕುಮ ಇಟ್ಟಳು. ನಮ್ಮಲ್ಲಿ ಯಾವ ಇಂಜಿನ್ನಿನ ಮೇಲೆ ವಿಭೂತಿ ಇಲ್ಲ? ನಾನೇ ಅವತ್ತು ಹದಿನೈದು ಗಾಡಿಗೆ ಇಟ್ಟಿದ್ದೆ.

ಕಾರ್ತಿಕದಲ್ಲಿ ಅವನು ಮತ್ತೆ ಬಂದ. ಬೆಳಿಗ್ಗೆ ಹೊರಟರೆ ಇಂಜಿನ್ ಹೊಡೆತ ತಪ್ಪಿ ಮಿಸ್ಸಿಂಗ್ ಹೊಡೆಯುತ್ತದೆ, ಆಕ್ಸಿಲೇಟರ್ ಒತ್ತಿದರೆ ಒಂದು ಗಳಿಗೆ ಉಸಿರು ಕಟ್ಟಿಕೊಂಡ ಹಾಗೆ ನಿಂತು ಆಮೇಲೆ ಎಗರುತ್ತದೆ, ಊರಾಚೆಯ ಏರಿನಲ್ಲಿ ಆಫ್ ಆಗುತ್ತದೆ ಅಂದ. "ಮನ್ಯಾಗೆ ಏನಂದ್ರೆ ಅಣ್ಣ..." ಅಂತ ಶುರು ಮಾಡಿದ. ಬಾಯಿ ಮುಚ್ಚಿಸಿದೆ. ನಾನು ಸ್ಟಾರ್ಟ್ ಮಾಡಿದೆ, ಇಂಜಿನ್ ಗಡಿಯಾರದ ಹಾಗೆ ಓಡಿತು. ಆಗ ಹಗಲು ಹನ್ನೊಂದು ಗಂಟೆ. ಕಾರ್ಬೊರೇಟರ್ ತೊಳೆದು ಪ್ಲಗ್ ಬದಲಿಸಿ ಕಳಿಸಿದೆ.

ಆ ಶುಕ್ರವಾರವೇ ಏರಿನಲ್ಲಿ ಮೂರು ಸಲ ನಿಂತಿತಂತೆ. ಹಾಸನ ಮುಟ್ಟಿದಾಗ ಎಂಟಾಗಿತ್ತು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾದು, ಯಾರೋ ಬಾರದೆ ಹೋದ ಮಂಚ ಸಿಕ್ಕಿ, ಅರ್ಧ ಹೊತ್ತು ಮೆಷಿನ್ ಹಾಕಿಸಿಕೊಂಡು ಬಂದರು. ಅದರ ಮುಂದಿನ ವಾರ ಅದೂ ಸಿಗಲಿಲ್ಲ.

ಅವನು ನನ್ನೊಬ್ಬನನ್ನೇ ನಂಬಿ ಕೂರಲಿಲ್ಲ, ಕೂರುವ ಸ್ಥಿತಿಯೂ ಇರಲಿಲ್ಲ. ಹೊಳೆನರಸೀಪುರದಲ್ಲಿ ಕಾರ್ಬೊರೇಟರಿಗೇ ಹೆಸರಾದ ಧರ್ಮೇಂದ್ರನ ಹತ್ತಿರ ಹೋದ. ಧರ್ಮೇಂದ್ರ ಪೆಟ್ರೋಲ್ ಚಿಮ್ಮುವ ಜೆಟ್ ಬದಲಿಸಿದ. ಶಾಂತರಾಜು ಚನ್ನರಾಯಪಟ್ಟಣದ ಗುಜರಿಯಿಂದ ಕಿಡಿ ಹುಟ್ಟಿಸುವ ಒಳ್ಳೆಯ ಕಾಯಿಲ್ ಹುಡುಕಿ ತಂದ, ನಾನು ಹಾಕಿದೆ. ಹಾಸನದಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಈ ಕಾಲದ ಗಾಡಿಯಲ್ಲ, ವೈರು ಚುಚ್ಚುವುದಕ್ಕೇ ಜಾಗವಿಲ್ಲ ಅಂತ ನಕ್ಕರಂತೆ. ಪಾಯಿಂಟ್, ಕಂಡೆನ್ಸರ್, ಪೆಟ್ರೋಲ್ ಪಂಪ್, ಪ್ಲಗ್ ವೈರು, ಎಲ್ಲ ಹೊಸದಾಯಿತು. ಎಲ್ಲರ ಗ್ಯಾರೇಜಿನಲ್ಲೂ ಗಾಡಿ ಸಾಧುವಿನ ಹಾಗೆ ಇರುತ್ತಿತ್ತು. ಮಂಗಳವಾರ, ಶುಕ್ರವಾರ ಬೆಳಗಿನ ಜಾವ ಮಾತ್ರ ಅದಕ್ಕೆ ದೆವ್ವ ಮೆಟ್ಟಿಕೊಳ್ಳುತ್ತಿತ್ತು.

ಡೆಲ್ಕೊ ಮುಚ್ಚಳವನ್ನು ನಾನು ಬಿಚ್ಚಲಿಲ್ಲ ಅಂತಲ್ಲ. ಎರಡು ಸಲ ಬಿಚ್ಚಿದೆ. ಒಳಗೆ ಬೆಳಕು ಬಿಟ್ಟು ನೋಡಿದೆ, ಚೊಕ್ಕಟವಾಗಿತ್ತು. ಹೊರಗಿನ ವಿಭೂತಿ ಅಳಿಸದ ಹಾಗೆ ಎರಡು ಬೆರಳಲ್ಲಿ ಅಂಚು ಹಿಡಿದು, ಕಣ್ಣಿಗೊತ್ತಿಕೊಂಡು ವಾಪಸ್ಸು ಕೂರಿಸಿದೆ. ಧರ್ಮೇಂದ್ರನೂ ಹಾಗೇ ಮಾಡಿದನಂತೆ, ಆಮೇಲೆ ಕೇಳಿದೆ. ಇಡೀ ಇಂಜಿನ್ನನ್ನು ಪೆಟ್ರೋಲಿನಲ್ಲಿ ಒರೆಸಿದ್ದೆವು, ಆ ಒಂದು ಅಂಗೈ ಅಗಲ ಜಾಗವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಡಿಸೆಂಬರಿನ ಎರಡನೇ ವಾರ ನಾಗಲಕ್ಷ್ಮಿಯ ಶ್ವಾಸಕೋಶಕ್ಕೆ ನೀರು ತುಂಬಿಕೊಂಡಿತು. ಹಾಲಿನ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಐದು ದಿನ ಆಸ್ಪತ್ರೆಯಲ್ಲಿಟ್ಟರು. ಇನ್ನೊಂದು ಸಲ ತಪ್ಪಿಸಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಡಾಕ್ಟರು ಹೇಳಿ ಕಳಿಸಿದರು. ಮಾರನೆಯ ದಿನ ಶಾಂತರಾಜು ನನ್ನ ಗ್ಯಾರೇಜಿಗೆ ಬಂದು ಟೈರಿನ ಮೇಲೆ ಕುಳಿತ. ಗಡ್ಡ ಬಿಟ್ಟಿದ್ದ. ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಸಿದ್ದಣ್ಣ, ಇದು ನಿನ್ ಮುಂದೆ ಒಂದು, ನನ್ ಮುಂದೆ ಒಂದು ಆಡ್ತದೆ. ನಾನು ಸುಳ್ಳೇಳ್ತಾವ್ನಿ ಅಂದ್ಕಂಡಿದೀಯಾ?"

"ಇಲ್ಲ ಕಣೋ."

"ಕೇಳು ಅಂಗಾರೆ," ಅಂತ ಮೊಬೈಲನ್ನು ನನ್ನ ಕಿವಿಗೆ ಹಿಡಿದ. ನಾಗಲಕ್ಷ್ಮಿ ಆಸ್ಪತ್ರೆ ಸೇರುವ ಮೊದಲು ಒಂದು ಶುಕ್ರವಾರ ಬೆಳಿಗ್ಗೆ ರೆಕಾರ್ಡ್ ಮಾಡಿದ್ದ. ಮೂರರಲ್ಲಿ ಎರಡೇ ಸಿಲಿಂಡರ್ ಹೊಡೆಯುತ್ತಿತ್ತು. ಟಪ್ ಟಪ್ ಅಂತ ಒಂದು ಬಿಟ್ಟು ಒಂದು ಬಿಟ್ಟು ಓಡುವ ಕುಂಟು ಸದ್ದು. ಅದರ ಹಿಂದೆ ಹೆಂಗಸೊಬ್ಬಳ ಕೆಮ್ಮು. ಇಷ್ಟು ದಿನ ನನ್ನ ಕಿವಿಗೆ ಬೀಳದ ಸದ್ದು ಅದು. ನನಗೆ ನನ್ನ ಮೇಲೇ ಅಸಹ್ಯವಾಯಿತು. ರೋಗಿಯನ್ನು ಅದರ ಮನೆಯಲ್ಲೇ ನೋಡಬೇಕಿತ್ತು, ನನ್ನ ಬಾಗಿಲಿಗೇ ಬರಲಿ ಅಂತ ಗತ್ತಿನಲ್ಲಿ ಕುಳಿತಿದ್ದೆ.

ಅವತ್ತು ಗುರುವಾರ. ಸಂಜೆಯೇ ಚೀಲಕ್ಕೆ ಸ್ಪ್ಯಾನರು, ಒಂದಿಷ್ಟು ಹಳೇ ಸಾಮಾನು ತುಂಬಿಕೊಂಡು ಅವನ ಜೊತೆ ಮಲ್ಲಿಪಟ್ಟಣಕ್ಕೆ ಹೋದೆ. ನಾಗಲಕ್ಷ್ಮಿ ಗೋಡೆಗೆ ಒರಗಿ ದಿಂಬಿನ ಮೇಲೆ ಕುಳಿತಿದ್ದಳು, ಮಲಗಿದರೆ ಉಸಿರು ಕಟ್ಟುತ್ತದಂತೆ. "ಊಟ ಮಾಡಿ ಅಣ್ಣ, ಸಾರು ಅತ್ತೆ ಮಾಡವ್ರೆ, ಉಪ್ಪು ಕಮ್ಮಿ ಇರ್ತದೆ. ನನ್ನ ದೆಸೆಯಿಂದ ಮನೆಮಂದಿಗೆಲ್ಲ ಸಪ್ಪೆ ಊಟ," ಅಂದಳು. ಮಾಯಮ್ಮ ನನ್ನ ತಟ್ಟೆಯ ಪಕ್ಕ ಉಪ್ಪಿನ ಬಟ್ಟಲು ಇಟ್ಟಳು. ಸೊಸೆಯ ಕಾಲು ಒತ್ತುತ್ತ ಕುಳಿತೇ ಇದ್ದಳು, ನಾನು ಮಲಗುವವರೆಗೂ.

ಬೆಳಿಗ್ಗೆ ಐದಕ್ಕೆ ಎದ್ದು ಹೊರಗೆ ಬಂದೆ. ಮಂಜು ಹೆಂಚಿನಿಂದ ತೊಟ್ಟಿಕ್ಕುತ್ತಿತ್ತು. ಶಾಂತರಾಜು ಬಾನೆಟ್ಟೆತ್ತಿ ರೇಡಿಯೇಟರಿಗೆ ನೀರು ನೋಡಿ, ಹೆಂಡತಿಯನ್ನು ಎತ್ತಿಕೊಂಡು ಬರಲು ಒಳಗೆ ಹೋದ. ಅವನು ಹೋಗುವುದನ್ನೇ ಕಾದಿದ್ದವಳಂತೆ ಮಾಯಮ್ಮ ತಟ್ಟೆ ಹಿಡಿದು ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು. ಚೊಂಬಿನ ನೀರಿಗೆ ಬೆರಳದ್ದಿ ವಿಭೂತಿ ಕಲಸಿ, ಡೆಲ್ಕೊ ನೆತ್ತಿಯ ಮೇಲೆ ವೈರುಗಳ ಸಂದಿಯಲ್ಲಿ ಬೆರಳು ತೂರಿಸಿ ಮೂರು ಗೆರೆ ಎಳೆದಳು. ಹಳೇ ಗೆರೆಗಳ ಮೇಲೆ ಹೊಸ ಗೆರೆ. ಹಬ್ಬದ ವಿಭೂತಿಯೇ ಉಳಿದಿದೆ ಅಂದುಕೊಂಡಿದ್ದೆ ನಾನು.

"ಯಾವಾಗ್ಲೂ ಇಕ್ತೀಯಾ ಅವ್ವ?" ಅಂದೆ.

"ಆಸ್ಪತ್ರೆಗೋಗೋ ದಿನ ತಪ್ಸಕಿಲ್ಲ ಕಣಪ್ಪ. ಜೀವ ಇಲ್ಲೈತೆ ಅಂತ ನೀನೇ ತಾನೆ ಯೋಳಿದ್ದು."

 ಶಾಂತರಾಜು ನಾಗಲಕ್ಷ್ಮಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿದ. ಕುಂಟು ಸದ್ದು ಎದ್ದಿತು. ಇನ್ನೂ ಕತ್ತಲಿತ್ತು, ಅದಕ್ಕೇ ಕಂಡಿತು. ಒದ್ದೆ ವಿಭೂತಿಯ ಗೆರೆಗುಂಟ ನೀಲಿ ಕಿಡಿ ಹರಿದಾಡುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಆ ಗೆರೆ ಹಿಡಿದು ಹೊರಗೇ ಸೋರಿಹೋಗುತ್ತಿತ್ತು. ಇಂಜಿನ್ ಕಾದು ವಿಭೂತಿ ಒಣಗುವವರೆಗೆ ಹಾಗೇ, ಒಣಗಿದ ಮೇಲೆ ಏನೂ ಇಲ್ಲ. ಅಷ್ಟು ಹೊತ್ತಿಗೆ ಏರಿನಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತಿತ್ತು.

ಮಾಯಮ್ಮ ಕೈಮುಗಿದು ನಿಂತಿದ್ದಳು. "ನೋಡ್ದಾ ಮಗ, ಬೆಳಕು ಬತ್ತಾ ಐತೆ. ಇಕ್ಕಿದಾಗ್ಲೆಲ್ಲ ಬತ್ತೈತೆ. ದೇವ್ರು ಒಪ್ಕಂಡವ್ನೆ," ಅಂದಳು.

ನಾನು ಇಂಜಿನ್ ನಿಲ್ಲಿಸು ಅಂದೆ. ಮುಚ್ಚಳ ಬಿಚ್ಚಿ ಟಾರ್ಚಿಗೆ ಹಿಡಿದು ಹೊರಮೈ ಒರೆಸಿದೆ. ವಿಭೂತಿಯ ಕೆಳಗೆ ಕೂದಲೆಳೆಯಷ್ಟು ಸಣ್ಣ ಸುಟ್ಟ ಗೆರೆಗಳು ಮೂಡಿದ್ದವು. ಚೀಲದಲ್ಲಿ ಹಳೇ ಮುಚ್ಚಳ ಒಂದಿತ್ತು, ಅದನ್ನು ಕೂರಿಸಿ ವೈರು ಸಿಕ್ಕಿಸಿದೆ. ಐದು ನಿಮಿಷದ ಕೆಲಸ. ಶಾಂತರಾಜು ಮತ್ತೆ ಸ್ಟಾರ್ಟ್ ಮಾಡಿದ. ಮೂರೂ ಸಿಲಿಂಡರ್ ಒಂದೇ ಸಮ ಓಡಿದವು.

ಸುಳ್ಳು ಹೇಳಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾಯಮ್ಮ ನನ್ನ ಕೈಯಲ್ಲಿದ್ದ ಬಟ್ಟೆಯ ಬಿಳಿ ಕಲೆ ನೋಡಿದಳು. ಇಂಜಿನ್ ಕಡೆ ಕಿವಿಗೊಟ್ಟಳು. ಆಮೇಲೆ ತನ್ನ ಬೆರಳು ನೋಡಿಕೊಂಡಳು.

"ಅಂಗಾರೆ ನಾನೇನಾ?" ಅಂದಳು.

"ನೀನಲ್ಲ ಕಣವ್ವ, ನಾನು. ಅಲ್ಲಿಗೆ ಇಕ್ಕು ಅಂತ ತೋರ್ಸಿದ್ದು ನಾನು. ಎರಡು ಸಲ ಬಿಚ್ಚಿನೂ ಮೇಲೆ ಒರೆಸ್ದಂಗೆ ಬಿಟ್ಟಿದ್ದೂ ನಾನು," ಅಂದೆ. ನಿಜವನ್ನೇ ಹೇಳಿದೆ, ಅದರಿಂದ ಅವಳಿಗೆ ಒಂದು ಕೂದಲಿನಷ್ಟೂ ಸಮಾಧಾನವಾಗಲಿಲ್ಲ. ಶಾಂತರಾಜು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಿದ್ದ. ಅವ್ವನ ಪೂಜೆಯ ಕಡೆ ತಿರುಗಿ ನೋಡುವುದಿಲ್ಲ ಅನ್ನುವ ಒಪ್ಪಂದವೇ ಅವನನ್ನು ಏರಿನಲ್ಲಿ ನಿಲ್ಲಿಸಿತ್ತು. ಅದು ಅವನಿಗೂ ಆಗಲೇ ಹೊಳೆದಿರಬೇಕು.

ನಾಗಲಕ್ಷ್ಮಿ ಗಾಜು ಇಳಿಸಿದಳು. "ಅತ್ತೆ, ಆ ಈಬತ್ತಿ ನಂಗಿಕ್ಕಿ ಬನ್ನಿ. ಒತ್ತಾಗ್ತದೆ," ಅಂದಳು.

ಮಾಯಮ್ಮ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. "ನನ್ ಕೈ ಬ್ಯಾಡ ಮಗ. ಓಗಿ ಬನ್ನಿ."

"ಇಕ್ಕಿ ಅತ್ತೆ."

ಮಾಯಮ್ಮ ಕದಲಲಿಲ್ಲ. ಗಂಟೆ ಐದೂಕಾಲು ದಾಟಿತ್ತು. ನಾನು ಬಾನೆಟ್ ಮುಚ್ಚಿ ಮುಂದಿನ ಸೀಟಿಗೆ ಹತ್ತಿದೆ, ಶಾಂತರಾಜು ಗೇರು ಹಾಕಿದ. ಬೀದಿ ತಿರುಗುವವರೆಗೂ ನಾಗಲಕ್ಷ್ಮಿ ಹಿಂದಕ್ಕೆ ತಿರುಗಿಯೇ ಕುಳಿತಿದ್ದಳು.

ಏರು ಬಂತು. ಶಾಂತರಾಜು ಎರಡನೇ ಗೇರಿಗೆ ಇಳಿಸಿದ. ಕಾರು ಏರಿತು, ಒಂದು ಸಲವೂ ಮುಗ್ಗರಿಸಲಿಲ್ಲ. ಮಂಜಿನಲ್ಲಿ ರಸ್ತೆ ಸಮವಾಯಿತು. ಇಂಜಿನ್ ಸದ್ದು ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಬೇರೊಂದು ಸದ್ದು ಕೇಳತೊಡಗಿತು. ಒಂದು ಎಳೆತ, ಒಂದು ತಡೆ, ಮತ್ತೆ ಎಳೆತ, ಕೆಳಗೆಲ್ಲೋ ಗುಳಗುಳ ನೀರಾಡುವ ಹಾಗೆ.

ಶಾಂತರಾಜು ಕನ್ನಡಿಯಲ್ಲಿ ನೋಡಿದ. "ಸಿದ್ದಣ್ಣ," ಅಂದ, ದನಿ ತಗ್ಗಿಸಿ, "ಇವ್ಳ ಉಸ್ರು ಮೊದ್ಲಿಂದ್ಲೂ ಇಂಗೇ ಇತ್ತಾ? ಇಷ್ಟು ದಿನ ಬರೀ ಇಂಜಿನ್ ಕೇಳಿಸ್ಕಂಡೇ ಬಂದ್ನಲ್ಲಣ್ಣ."

ಸದ್ದು ಕೇಳಿ ರೋಗ ಹೇಳುವುದೇ ನನ್ನ ಹೊಟ್ಟೆಪಾಡು.  "ರಸ್ತೆ ನೋಡ್ಕಂಡು ಓಡ್ಸು," ಅಂದೆ.

ಹಾಸನದ ಆಸ್ಪತ್ರೆ ಮುಟ್ಟಿದಾಗ ಆರೂ ಐವತ್ತು. ಈ ಕಾರಿನಲ್ಲಿ ಹೊತ್ತಿಗೆ ಮುಂಚೆ ಬರುವುದು ಹೇಗಿರುತ್ತದೆ ಅನ್ನುವುದನ್ನೇ ಶಾಂತರಾಜು ಮರೆತಿದ್ದ. ನಾಗಲಕ್ಷ್ಮಿ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದಳು, ಎದೆ ಮಾತ್ರ ಏರಿಳಿಯುತ್ತಿತ್ತು. ವಾರ್ಡಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ನಮ್ಮ ಕೈಯಲ್ಲಿ ಹತ್ತು ನಿಮಿಷ ಇತ್ತು, ಅದನ್ನು ಏನು ಮಾಡಬೇಕು ಅಂತ ಇಬ್ಬರಿಗೂ ತಿಳಿಯಲಿಲ್ಲ.