ರೋಮನ್ನರೂ ನನ್ನ ಲೈಸೆನ್ಸೂ

ಡ್ರೈವಿಂಗ್ ಟೆಸ್ಟಿನಲ್ಲಿ ಮೂರನೇ ಸಲವೂ ಫೇಲಾಗಿ ಬಂದ ದಿನ, ಇನ್ನು ಈ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಗಂಡನೆದುರು ಘೋಷಿಸಿದೆ. ಆಗ ತೊಂಬತ್ತರ ದಶಕದ ಆರಂಭ. ಗಲ್ಫಿನಲ್ಲಿ ನಾವಿದ್ದ ಅಲ್ ಗುಬ್ರಾದಲ್ಲಿ ಕಾರಿಲ್ಲದೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಮನೆಗೆ ಬರುತ್ತಿರಲಿಲ್ಲ. ಎಲ್ಲದಕ್ಕೂ ಗಂಡ ಘಾಲಾದ ಗ್ಯಾರೇಜಿನಿಂದ ಬರುವುದನ್ನೇ ಕಾಯಬೇಕು. ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ. ಆದರೆ ನಾಲ್ಕು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸುವ ಪರೀಕ್ಷೆಯಲ್ಲಿ ಪ್ರತಿ ಸಲವೂ ಒಂದನ್ನು ಉರುಳಿಸಿಬಿಡುತ್ತಿದ್ದೆ.

ಆ ಸಂಜೆ ಮಗಳಿಗೆ ಚರಿತ್ರೆ ಪಾಠ ಓದಿಸಬೇಕಿತ್ತು. ರೋಮಿಗೂ ಕಾರ್ಥೇಜಿಗೂ ನಡೆದ ಯುದ್ಧ. ಚರಿತ್ರೆಯೆಂದರೆ ನನಗೆ ಪ್ರಾಣ. ಸಿಟ್ಟು ಮರೆತು ಹೇಳತೊಡಗಿದೆ. ಕಾರ್ಥೇಜಿನವರು ಕಡಲ ರಾಜರು, ರೋಮನ್ನರಿಗೋ ನೆಲದ ಯುದ್ಧ ಮಾತ್ರ ಗೊತ್ತು. ದಡಕ್ಕೆ ಸಿಕ್ಕಿಬಿದ್ದ ಶತ್ರುವಿನ ಹಡಗೊಂದನ್ನು ನೋಡಿಕೊಂಡು ಅಂಥದ್ದೇ ರಾಶಿ ಹಡಗು ಕಟ್ಟಿದರು. ನಡೆಸಲು ಬರಬೇಕಲ್ಲ? ದಡದಲ್ಲೇ ಬೆಂಚುಗಳನ್ನು ಸಾಲಾಗಿಟ್ಟು, ನೀರೇ ಇಲ್ಲದೆ ಹುಟ್ಟು ಎಳೆಯುವುದನ್ನು ಕಲಿತರು. ಕಡಲಿಗಿಳಿದಾಗ ಕಬ್ಬಿಣದ ಮೊನೆಯಿದ್ದ ಹಲಗೆ ಸೇತುವೆಯನ್ನು ಶತ್ರುವಿನ ಹಡಗಿನ ಮೇಲೆ ಬೀಳಿಸಿ, ಅದರ ಮೇಲೆ ನಡೆದುಹೋಗಿ ನೆಲದಲ್ಲಿ ಹೊಡೆದಾಡುವ ಹಾಗೆಯೇ ಹೊಡೆದಾಡಿದರು. ಬಿರುಗಾಳಿಗೆ ಹಡಗುಗಳು ಮುಳುಗಿದವು. ಮತ್ತೆ ಕಟ್ಟಿದರು. ಅವೂ ಮುಳುಗಿದವು. ಮತ್ತೂ ಕಟ್ಟಿ, ಕೊನೆಗೆ ಕಡಲಿನಲ್ಲೇ ಗೆದ್ದರು.

ಮಗಳು ಪೆನ್ಸಿಲ್ ಕಚ್ಚುತ್ತಾ, "ದೆನ್ ವೈ ಆರ್ ಯೂ ಸ್ಟಾಪಿಂಗ್, ಅಮ್ಮಾ?" ಎಂದಳು.

ಪೇಪರಿನ ಮರೆಯಲ್ಲಿ ಗಂಡ ನಗುವುದು ಕೇಳಿಸಿತು. ನನಗೆ ಸಿಟ್ಟು ನೆತ್ತಿಗೇರಿತು.

"ನಾಳೆ ಗ್ಯಾರೇಜಿನಿಂದ ನಾಲ್ಕು ಖಾಲಿ ಡ್ರಮ್ ತನ್ನಿ."

"ಎಂತಕ್ಕೆ ಮಾರಾಯ್ತಿ? ಲೈಸೆನ್ಸ್ ಇಲ್ಲದೆ ಕಾರು ಮುಟ್ಟಿದ್ರೆ ಪೊಲೀಸ್ ಹಿಡೀತಾರೆ."

"ಕಾರು ಯಾರಿಗೆ ಬೇಕು?"

ಫ್ಲ್ಯಾಟಿನ ಹಿಂದಿನ ಮರಳಿನಲ್ಲಿ ಡ್ರಮ್ಮು ನಿಲ್ಲಿಸಿದೆವು. ಊಟದ ಸ್ಟೀಲ್ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು, ಕತ್ತು ತಿರುಗಿಸಿ, ನಾನು ಹಿಂದಕ್ಕೆ ಹಿಂದಕ್ಕೆ ನಡೆದೆ. ಮಗಳು ಪಕ್ಕದಲ್ಲಿ ನಿಂತು "ಲೆಫ್ಟ್, ಲೆಫ್ಟ್" ಎನ್ನುತ್ತಿದ್ದಳು. ಮೇಲಿನ ಮನೆಯ ಬ್ಯಾರಿ ವ್ಯಾಪಾರಿ ಬಾಲ್ಕನಿಯಿಂದ ಇಣುಕಿ, "ಗಾಡಿ ಎಲ್ಲುಂಟು ಅಕ್ಕಾ?" ಎಂದು ಕೇಳಿದರು.

"ಗಾಡಿ ನಾನೇ" ಎಂದೆ. ಅವರ ಹೆಂಡತಿ ಮಕ್ಕಳೂ ಬಂದು ನೋಡಿದರು. ಹದಿನೈದು ದಿನ ಇಡೀ ಬಿಲ್ಡಿಂಗಿಗೆ ನಾನೇ ಸಿನಿಮಾ. ನಾಚಿಕೆಯಾಗುತ್ತಿತ್ತು, ಆದರೆ ಅದಕ್ಕಿಂತ ಹೆಚ್ಚು ಖುಷಿಯಾಗುತ್ತಿತ್ತು.

ನಾಲ್ಕನೇ ಟೆಸ್ಟಿನಲ್ಲಿ ಒಂದು ಡ್ರಮ್ಮೂ ಅಲುಗಲಿಲ್ಲ. ಮುಂದಿನ ವಾರ ರಸ್ತೆಯ ಟೆಸ್ಟೂ ಮುಗಿದಾಗ ಪೊಲೀಸ್ ಅಧಿಕಾರಿ ಕಾಗದಕ್ಕೆ ಸಹಿ ಹಾಕಿ "ಮಬ್ರೂಕ್" ಎಂದು ಅಭಿನಂದಿಸಿದರು. ಕಾರಿನಲ್ಲೇ ಕೂತು ಅತ್ತುಬಿಟ್ಟೆ.

ಲೈಸೆನ್ಸ್ ಕೈಗೆ ಬಂದ ದಿನ ಗಂಡ ಕಾರನ್ನು ನನಗೇ ಬಿಟ್ಟು, ಜೊತೆಯವರ ಗಾಡಿಯಲ್ಲಿ ಕೆಲಸಕ್ಕೆ ಹೋಗಿದ್ದರು. ಸಂಜೆ ಅವರನ್ನು ಕರೆತರಲು ಘಾಲಾಕ್ಕೆ ಹೊರಟೆ. ದೂರದಿಂದಲೇ ಕಂಡರು, ಗೇಟಿನ ಬಳಿ ಟಿಫಿನ್ ಡಬ್ಬಿ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದರು. ಸ್ವಲ್ಪ ಕಾಯಲಿ ಎಂದು ಇನ್ನೊಂದು ಸುತ್ತು ಹಾಕಿಕೊಂಡು ಬಂದೆ.

ಅವರು ಮುಂದಿನ ಬಾಗಿಲಿಗೆ ಕೈಹಾಕಿದರೆ, ಆ ಸೀಟಿನಲ್ಲಿ ಮಗಳು ಕೂತಿದ್ದಳು.

"ಬ್ಯಾಕ್ ಸೀಟ್, ಪಪ್ಪಾ" ಎಂದಳು. "ಯೂ ಆರ್ ಕಾರ್ಥೇಜ್."