ಕೂದಲೆಳೆಯಷ್ಟು ಕಡಿಮೆ

ಬೈಕ್ ಇಂಜಿನ್ನಿನ ಮೇಲ್ಮುಚ್ಚಳವಾದ ಸಿಲಿಂಡರ್ ಹೆಡ್ ಹೆರೆಯುವ ಆ ಮಿಲ್ಲಿಂಗ್ ಮೆಷಿನ್ನಿನವನು ಯಾರಿಗೂ ಗೊತ್ತಾಗದ ಜಿಪುಣ. ದುಡ್ಡಿನಲ್ಲಿ ಆಸಾಮಿ ಧಾರಾಳಿಯೇ; ಜಿಪುಣತನವೆಲ್ಲ ಲೋಹ ತೆಗೆಯುವುದರಲ್ಲಿ. ಹೆಡ್ಡಿನ ತಳ ಹೆರೆದಷ್ಟೂ ಒಳಗಿನ ಗುಂಡಿ ಕಿರಿದಾಗಿ, ಪೆಟ್ರೋಲು ಬೆರೆತ ಗಾಳಿ ಬಿಗಿಯಾಗಿ ಅದುಮಿಕೊಂಡು ಇಂಜಿನ್ನಿಗೆ ಕಸುವು ಹೆಚ್ಚುತ್ತದೆ. ಅತಿಯಾದರೆ ವಾಲ್ವು ಪಿಸ್ಟನ್ನಿಗೆ ಬಡಿದು, ಓಡುತ್ತಿದ್ದ ಬೈಕು ಗಕ್ಕನೆ ಕಚ್ಚಿಕೊಂಡು ನಿಲ್ಲುತ್ತದೆ. ಮೇಲೆ ಕೂತವರ ಗತಿ ದೇವರೇ ಬಲ್ಲ.

ಹೀಗಾಗಿ ಯಾರು ಎಷ್ಟು ಕೇಳಿದರೂ ಕೂದಲೆಳೆಯಷ್ಟು ಕಡಿಮೆ ಹೆರೆದು, ಏನೂ ಅರಿಯದವನಂತೆ ಒರೆಸಿ ಕೊಡುತ್ತಿದ್ದ. ತನ್ನ ಕೈಯಿಂದ ಹೋದ ಇಂಜಿನ್ ಒಂದೂ ಕೆಟ್ಟಿಲ್ಲವೆಂಬ ಜಂಬ ಬೇರೆ!

ಅವನ ತಂಗಿ ಬೈಕ್ ರೇಸಿನವಳು. ಮೊಣಕಾಲು ಸಾಕೆನ್ನುತ್ತಿತ್ತು, ಇದೇ ಕೊನೆಯ ರೇಸು. ಒಮ್ಮೆಯಾದರೂ ಮೊದಲು ಬರಬೇಕೆಂಬ ಆಸೆ ಅವಳಿಗೆ. ಅಳತೆ ಹೇಳಿ ಹೋದವಳು ಮಧ್ಯಾಹ್ನ ಬಂದು, ಹೆಡ್ಡನ್ನು ಬೋರಲು ಹಾಕಿ, ಗುಂಡಿಗೆ ತೂತಿರುವ ಗಾಜು ಮುಚ್ಚಿ, ಸಿರಿಂಜಿನಿಂದ ಅಳೆದು ಎಣ್ಣೆ ಬಿಟ್ಟಳು. ಅವಳ ಲೆಕ್ಕಕ್ಕಿಂತ ಹೆಚ್ಚು ಹಿಡಿಯಿತು; ಎಂದರೆ ಹೆರೆದದ್ದು ಸಾಲದು.

"ಅಣ್ಣಾ, ಇದು ನಾನು ಹೇಳಿದ ಅಳತೆ ಅಲ್ಲ."

"ಸ್ವಲ್ಪ ಹೆಚ್ಚು ಕಡಿಮೆ ಇರುತ್ತೆ ಪುಟ್ಟಿ."

"ಯಾವಾಗಲೂ ಹೀಗೇನಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಯಾವಾಗಲೂ," ಎಂದ.

ಅವಳು ಸ್ಟೂಲಿನ ಮೇಲೆ ಕುಸಿದಳು. "ಅರ್ಧ ಚಕ್ರದಷ್ಟು ಅಂತರದಲ್ಲಿ ಸೋತು ಬಂದು ಇಲ್ಲೇ ಕೂತು ಅತ್ತಿದ್ದೀನಿ. ಟೀ ತರಿಸಿ ಸಮಾಧಾನ ಮಾಡಿದವನು ನೀನೇ."

"ನೀನು ಬಿದ್ದುಬಿಡ್ತೀಯ ಅಂತ ಭಯ ಕಣೇ."

"ಭಯ ಇದ್ರೆ ಆಗಲ್ಲ ಅನ್ಬೇಕಿತ್ತು. ಬೇರೆ ಕಡೆ ಹೋಗ್ತಿದ್ದೆ. ಬೀಳೋದು ಬಿಡೋದು ನಾನಲ್ವಾ?"

ಆ ಮಾತು ನೇರ ಎದೆಗೆ ನಾಟಿತು. ಇಷ್ಟು ವರ್ಷ ತಂಗಿಯನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದ ಮಹಾಶಯ, ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದವನೂ ತಾನೇ ಎಂದು ತಿಳಿದು ನಾಚಿಕೆಯಿಂದ ಕುಗ್ಗಿಹೋದ.

"ವಾಲ್ವಿಗೆ ಜಾಗ ಉಳಿಯುತ್ತಾ?" ಎಂದು ಕೇಳಿದ.

"ಪಿಸ್ಟನ್ ಮೇಲೆ ಜೇಡಿಮಣ್ಣು ಒತ್ತಿ, ಅದರಲ್ಲಿ ವಾಲ್ವಿನ ಅಚ್ಚು ಎಷ್ಟು ಆಳ ಬಿತ್ತು ಅಂತ ನೋಡೇ ಅಳತೆ ಹೇಳಿದ್ದು. ಧಾರಾಳ ಉಳಿಯುತ್ತೆ."

ಅವನು ಹೆಡ್ಡನ್ನು ಮತ್ತೆ ಮೆಷಿನ್ನಿಗೆ ಬಿಗಿದ. ಮಟ್ಟ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಪಕ್ಕಕ್ಕೆ ಸರಿದು, "ಮೆಷಿನ್ನಿನ ಚಕ್ರ ನೀನೇ ತಿರುಗಿಸು. ನನ್ನ ಕೈಯನ್ನ ನಾನೇ ನಂಬಲ್ಲ," ಎಂದ.

ಅವಳು ನಿಧಾನವಾಗಿ ತಿರುಗಿಸಿದಳು. ಬೆಳ್ಳಿಬಣ್ಣದ ಪುಡಿ ಉದುರತೊಡಗಿತು. ಚಕ್ರದ ಮೇಲೆ ಅವನು ಯಾವಾಗಲೂ ನಿಲ್ಲಿಸುವ ಅಳತೆಯ ಗೆರೆ ಬಂತು, ಅವಳು ನಿಲ್ಲಿಸಲಿಲ್ಲ. ಅವನ ಕೈ ತಾನಾಗಿ ಸ್ವಿಚ್ಚಿನತ್ತ ಹೋಯಿತು. ಅದನ್ನು ಹಿಂದಕ್ಕೆಳೆದು ಜೇಬಿಗೆ ತುರುಕಿಕೊಂಡು, ಅವಳು ಸಾಕೆನ್ನುವವರೆಗೂ ಅಲ್ಲೇ ನಿಂತಿದ್ದ.