ಸ್ವಿಚ್ಚಿಗೆ ಕಟ್ಟಿದ ಲಿಂಬಿಕಾಯಿ

ನಿನ್ನೆ ಮೊಮ್ಮಗಳು ಬಂದು ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿದಳು. ಅವಳ ಬಲಗೈಯ ಐದೂ ಬೆರಳು ನೆತ್ತಿಯ ಮೇಲೆ ಓಡಾಡಿದವು. ಆ ಸಂತೋಷ ತಡೆಯಲಾಗದೆ ಬರೆಯಲು ಕೂತಿದ್ದೇನೆ. ಮೂರನೇ ಇಯತ್ತೆ ಓದಿದವಳು ನಾನು, ಅಕ್ಷರ ಸಾಲು ಬಿಟ್ಟು ಓಡುತ್ತವೆ.

ಎಂಬತ್ತರ ದಶಕದ ಕೊನೆಯ ಮಾತು. ಯರಗುಪ್ಪಿಯಲ್ಲಿ ನಮ್ಮದು ಖಾರ ಕುಟ್ಟುವ ಗಿರಣಿ. ನಾಲ್ಕು ಕಬ್ಬಿಣದ ಒನಕೆಗಳು ಸರದಿಯಂತೆ ಎದ್ದು ಒರಳಿಗೆ ಬೀಳುತ್ತವೆ. ಮುಂದೆ ತಗಡಿನ ಬಾಗಿಲು. ಬೀಳುವ ಒನಕೆಗೆ ಮೆಣಸಿನಕಾಯಿಯೂ ಒಂದೇ, ಮೂಳೆಯೂ ಒಂದೇ. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕಲಿಯುತ್ತಿದ್ದ ಮೊಮ್ಮಗಳು ಆ ಬಾಗಿಲಿಗೆ ಒಂದು ಸ್ವಿಚ್ ಕೂರಿಸಿದಳು. ಬಾಗಿಲು ಮುಚ್ಚಿದರೆ ಅದರ ಎರಡು ತಂತಿ ಕೂಡುತ್ತವೆ. ಗೋಡೆಯ ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ, ಒಳಗೆ ರಿಲೇ ಎಂಬ ಕೀಲು ಮೋಟರಿಗೆ ಕರೆಂಟ್ ಬಿಡುತ್ತದೆ. ಬಾಗಿಲು ತೆರೆದರೂ ನಿಲ್ಲಬೇಕು, ತಂತಿಯನ್ನು ಇಲಿ ಕಡಿದರೂ ನಿಲ್ಲಬೇಕು.

"ಇಲಿ ಕಡದ್ರ ಗಿರಣಿ ಯಾಕ ನಿಲ್ಲಬೇಕ?" ಎಂದೆ.

"ಸುದ್ದಿ ಬರಲಿಲ್ಲಂದ್ರ ಕೆಟ್ಟ ಸುದ್ದಿ ಅಂತನ ತಿಳಕೋಬೇಕ ಆಯಿ."

ರಿಲೇ ಬಿಡುವಾಗ ಎಮ್ಮೆಯ ಹಾಗೆ ಹಿಂದಕ್ಕೆ ಒದೆಯುತ್ತದಂತೆ, ಆ ಒದೆತ ತಡೆಯಲು ಡಯೋಡ್ ಎಂಬ ತುಣುಕು ಕಟ್ಟಿದಳು. ಹೊರಗಿನ ತಂತಿಯ ಪೆಟ್ಟು ಪೆಟ್ಟಿಗೆಯ ಮಿದುಳಿನಂಥ ಐಸಿಗೆ ಮುಟ್ಟದಿರಲೆಂದು, ಬರೀ ಬೆಳಕು ದಾಟುವ ಕರಿ ತುಣುಕೊಂದನ್ನು ನಡುವೆ ಇಟ್ಟಳು. ಎಲ್ಲದಕ್ಕೂ ಕಾವಲಿಟ್ಟಳು, ನನಗೆ ಇಡಲಿಲ್ಲ. ಕರೆಂಟ್ ಹೋಗಿ ಬಂದಾಗ ಗಿರಣಿ ತಾನೇ ಸುರುವಾಗಲಿ ಎಂದು ಹಟ ಹಿಡಿದವಳೂ ನಾನೇ.

ಅಮಾವಾಸ್ಯೆ ಬಂತು. ಹೊಸ ಸ್ವಿಚ್ಚಿಗೆ ದೃಷ್ಟಿಯಾಗಬಾರದಲ್ಲ. ಲಿಂಬಿಕಾಯಿ, ಹಸಿ ಮೆಣಸಿನಕಾಯಿ ತಾಮ್ರದ ತಂತಿಗೆ ಪೋಣಿಸಿ, ಸ್ವಿಚ್ಚಿನ ಎರಡು ತಂತಿ ಹಿಡಿದಿದ್ದ ಎರಡೂ ಸ್ಕ್ರೂಗೆ ಬಿಗಿಯಾಗಿ ಸುತ್ತಿದೆ. ಅಲ್ಲಿ ಮುಟ್ಟಿದರೆ ಕರೆಂಟ್ ಹೊಡೆಯುವುದಿಲ್ಲ ಎಂದು ಅವಳೇ ಹೇಳಿದ್ದಳು.

ಮರುದಿನ ಮಧ್ಯಾಹ್ನ ಎರಿಹೊಲದ ಮೇಲೆ ಮೋಡ ಕವಿದು ಕರೆಂಟ್ ಹೋಯಿತು. ಎರಡು ಒನಕೆ ಮೇಲೆಯೇ ನಿಂತವು. ಒರಳಲ್ಲಿ ಖಾರ ಗಟ್ಟಿಯಾಗಿ ಕೂತಿತ್ತು. ಅದನ್ನು ಕೆದರಲು ಮೊಮ್ಮಗಳು ಬಾಗಿಲು ತೆರೆದು ಬಳೆ ಮೇಲಕ್ಕೆ ಸರಿಸಿದಳು.

"ಕರೆಂಟ್ ಬಂದ್ರ?" ಎಂದೆ.

"ಬರಲಿ ಬಿಡು. ಬಾಗಲಾ ತಗದೀನಿ, ಏಳಂಗಿಲ್ಲ ಅದು."

ಮೊಣಕೈತನಕ ಕೈ ಒಳಗೆ ಹೋಯಿತು. ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪವಿತ್ತು, ಬ್ಯಾಟರಿ ಸೆಲ್ಲಿನದು. ಅದು ಉರಿದರೆ ಬಾಗಿಲು ಮುಚ್ಚಿದೆ ಎಂದು ಅರ್ಥ. ಆ ಕತ್ತಲಲ್ಲಿ ಅದು ಕಣ್ಣು ಬಿಟ್ಟುಕೊಂಡು ಕೂತಿತ್ತು.

"ಬಾಗಲಾ ತಗದಿ," ಎಂದೆ, "ದೀಪ ಯಾಕ ಉರಿಯಾಕತ್ತೈತಿ?"

ಅವಳು ದೀಪದ ಕಡೆ ನೋಡಲಿಲ್ಲ. ಕೈ ಮಾತ್ರ ಹೊರಗೆ ಬಂತು. ಇಬ್ಬರೂ ತೆರೆದ ಬಾಗಿಲನ್ನೇ ನೋಡುತ್ತ ನಿಂತೆವು. ನಾಲ್ಕು ಉಸಿರು ಆಗಿರಬೇಕು. ಕರೆಂಟ್ ಬಂತು. ಒನಕೆ ಬಿತ್ತು, ನೆಲ ನಡುಗಿತು, ಎರಡನೆಯದೂ ಬಿತ್ತು.

ಮೇನ್ ಆಫ್ ಮಾಡಿ, ತಂತಿ ಹಿಡಿದು ಹುಡುಕುತ್ತ ಹೋದವಳು ಲಿಂಬಿಕಾಯಿಯ ಮುಂದೆ ನಿಂತಳು.

"ಇದನ್ನ್ಯಾರ ಕಟ್ಯಾರ?"

"ದೃಷ್ಟಿ ಆಗಬಾರದಂತ ನಾನ..."

"ಈ ತಾಮ್ರದ ತಂತಿ ಎರಡೂ ಸ್ಕ್ರೂ ಕೂಡಿಸೇತಿ. ಬಾಗಲಾ ಮುಚ್ಚೇತಿ ಅಂತ ನಿನ್ನ ಲಿಂಬಿಕಾಯಿ ಸುಳ್ಳ ಸಾಕ್ಷಿ ಹೇಳಾಕತ್ತೈತಿ ನೋಡ ಆಯಿ."

ತಂತಿ ಬಿಚ್ಚಿ, ಅದೇ ಲಿಂಬಿಕಾಯಿಯನ್ನು ನೂಲಿಗೆ ಪೋಣಿಸಿ ಚೌಕಟ್ಟಿಗೆ ತಾನೇ ಕಟ್ಟಿದಳು. ಪೆಟ್ಟಿಗೆಗೆ ಹೊಸ ಗುಂಡಿಯೊಂದನ್ನೂ ಕೂರಿಸಿದಳು, ಅಂದಿನಿಂದ ಕರೆಂಟ್ ಬಂದರೂ ಅದನ್ನು ಒತ್ತದೆ ಗಿರಣಿ ಏಳುತ್ತಿರಲಿಲ್ಲ.

ನಿನ್ನೆ ಹೆರಳು ಬಿಗಿಯಾಗಿ ನೋಯಿತು. ಇನ್ನೂ ಬಿಗಿ ಹಾಕು ಎಂದೆ.